ಒಂದು ಹಳ್ಳ, ಎರಡು ದಾವೆ

ಈ ದಾರಿಯನ್ನು ನನಗೆ ಮೊದಲು ಹೇಳಿಕೊಟ್ಟವರು ನಮ್ಮ ವಕೀಲರ ಗುಮಾಸ್ತ ಶಂಕ್ರೆಪ್ಪನವರು. ತಳೇಗಾಂವದ ನಮ್ಮ ಪ್ಲಾಟಿನ ಮೇಲೆ ನೆರೆಯ ಪಾಟೀಲ ಕಾಕಾ ಎರಡು ದಾವೆ ಹೂಡಿದ್ದರು. ಹೊಲ ಒಡೆದು ಪ್ಲಾಟು ಮಾಡಿದ್ದು ತಪ್ಪೆಂದು ಒಂದು, ಅದರಿಂದ ಪಕ್ಕದಲ್ಲಿ ಹರಿಯುವ ಹಳ್ಳ ಕೆಡುತ್ತದೆಂದು ಇನ್ನೊಂದು. ಒಂದರ ಸ್ಟೇ ತೆರವಾದರೆ ಇನ್ನೊಂದರದು ಬರುತ್ತಿತ್ತು. ಭೂಮಿಪೂಜೆಯ ಮುಹೂರ್ತ ಮೂರು ಸಲ ತಪ್ಪಿತು.

“ಎರಡಕ್ಕೂ ಹಚ್ಚಿದ ನಕಾಶೆ ಒಂದೇ ಅದರಿ. ಸಾಹೇಬರಿಗೆ ತೋರಸ್ರಿ,” ಎಂದರು ಶಂಕ್ರೆಪ್ಪ.

ತೋರಿಸಿದೆವು. ನ್ಯಾಯಾಧೀಶರು ಎರಡನ್ನೂ ಕೂಡಿಸಿ ವಿಚಾರಿಸುತ್ತೇನೆಂದಾಗ ಮನಸ್ಸಿನಲ್ಲೇ ದೇವರಿಗೆ ಕೈಮುಗಿದೆ.

ಹೊರಗೆ ಕಾಕಾ ಮರಾಠಿಯಲ್ಲಿ, “ಬಲು ಚಲೋ ಆಯಿತು. ಕೋರ್ಟಿಗೆ ತಿರುಗಿ ತಿರುಗಿ, ಆ ಹಳ್ಳದ ಕಡೆ ಹೋಗಿ ಒಂದು ವರ್ಷವಾಯಿತು,” ಎಂದರು.

ಹಳ್ಳಕ್ಕೆ ಜಾಗ ಬಿಟ್ಟು ಮನೆ ಕಟ್ಟಿಕೊಳ್ಳಿರೆಂದು ತೀರ್ಪು ಬಂತು. ಹೀಗೆ ಅಲೆಯುವವರು ಸಿಕ್ಕರೆ ಇದನ್ನು ಹೇಳಿರಿ. ಎದುರು ಪಕ್ಷದವರು ಸಿಕ್ಕರೆ ಅವರಿಗೂ ಹೇಳಿರಿ.