ಬಾಜೂಮನಿ ಕಾಕೂನ ತಾಟು

ದೀಪಾವಳಿ ಫರಾಳದ ತಾಟು ಜೋಡಿಸುವಾಗ ಕರ್ಚಿಕಾಯಿ ವಾಸನಿ ಬಂತು. ಹಳೆ ಬಾಗಲಕೋಟಿ ಡ್ಯಾಮಿನ ನೀರಾಗ ಮುಳುಗಡಿಯಾಗಿ ನವನಗರಕ್ಕ ಬಂದ ವರ್ಷ ನೆನಪಾತು.

ಆ ದೀಪಾವಳಿಗೆ ಅವ್ವ ಚಕ್ಕುಲಿ, ಶಂಕರಪಾಳಿ, ಚೂಡಾ ಇಟ್ಟು, ಮ್ಯಾಲ ರುಮಾಲು ಮುಚ್ಚಿ, "ಬಾಜೂಮನಿ ಕಾಕೂಗ ಕೊಟ್ಟು ಬಾ" ಅಂದ್ಲು. ಆ ಕಾಕೂ ಹಳೆ ಓಣ್ಯಾಗ ನಮ್ಮ ಬಾಜೂಮನಿಯಾಕಿ. ಆಕಿಗೆ ಜಾಗಾ ಸಿಕ್ಕಿದ್ದು ಬ್ಯಾರೆ ಸೆಕ್ಟರಿನ್ಯಾಗ, ಅದು ಅವ್ವಗೂ ಗೊತ್ತಿತ್ತು. ಮತ್ತ ಯಾಕ ಹಂಗಂದ್ಲು? ಏನೂ ತಿಳೀದ, ಬಾಜೂಮನಿಯ ಗುರುತಿಲ್ಲದ ಹೆಣ್ಮಗಳಿಗೆ ಕೊಟ್ಟೆ. ಖಾಲಿ ತಾಟು ಕಳಸಬಾರದಂತ ಆಕಿ ಬೇಸನ್ ಉಂಡಿ ಇಟ್ಟಳು.

ಅವ್ವ ಉಂಡಿ ಮುರದು ಬಾಯಾಗ ಹಾಕ್ಕೊಂಡು, "ಕಾಕೂ ಈ ಸಲ ಯಾಲಕ್ಕಿ ಮರ್ತಾಳ" ಅಂದ್ಲು. ಉಂಡಿ ಕಾಕೂದಲ್ಲಂತ ಅವ್ವಗ ಖರೆ ತಿಳದಿತ್ತೋ ಇಲ್ಲೋ, ಇವತ್ತಿಗೂ ನನಗ ಗೊತ್ತಿಲ್ಲ.

ಈಗ ನನ್ನ ಮಗಳು, "ಈ ತಾಟು ಯಾರಿಗೆ ಮಮ್ಮಿ?" ಅಂದ್ಲು.

"ಬಾಜೂಮನಿ ಕಾಕೂಗ" ಅಂದೆ.

ನಮ್ಮ ಬಾಜೂಕ ಇನ್ನೂ ಖಾಲಿ ಪ್ಲಾಟ್ ಐತಿ.