ಮೇಲೆ ಕೆಳಗಾದ ಬೀಗರು

ಹಾಳೆಯಲ್ಲಿ ಒಂದಿಷ್ಟು ಜಾಗ ಖಾಲಿ ಬಿಟ್ಟರೂ ಗಿರಾಕಿಗೆ ಮೋಸ ಮಾಡಿದ ಹಾಗೆ ಎಂದು ನಂಬಿದವನು ಮಲ್ಲಿಕಾರ್ಜುನಸ್ವಾಮಿ. ಕೊಳ್ಳೇಗಾಲದ ಬಸ್ ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ ಅವನ ಲಗ್ನಪತ್ರಿಕೆಯ ಅಂಗಡಿ. ಅವನು ಅಚ್ಚು ಹಾಕಿದ ಪತ್ರಿಕೆಯ ನೆತ್ತಿಯ ಮೇಲೆ ಮಾದಪ್ಪ, ಪಕ್ಕಕ್ಕೆ ಗಣಪತಿ, ಎರಡು ಕಡೆ ಬಾಳೆಕಂಬ, ಕೆಳಗೆ ನೆಂಟರ ದಂಡು. ಇವರೆಲ್ಲ ಕೂತ ಮೇಲೆ ಉಳಿದ ಸಂದಿಯಲ್ಲಿ ಗಂಡು ಹೆಣ್ಣಿನ ಹೆಸರು. ಮದುವೆ ಯಾರದು ಅಂತ ಹುಡುಕಿಕೊಳ್ಳುವುದು ಓದುವವರ ಪಾಡು.

ಇಂಥವನು ಐವತ್ತು ದಾಟಿದ ಮೇಲೆ ಪುಸ್ತಕ ಹಿಡಿದು ಕೂತದ್ದು ಅಕ್ಕನ ಮಗಳು ನಾಗಶ್ರೀಯ ಸಲುವಾಗಿ. ಮುಳ್ಳೂರಿನ ಈ ಹುಡುಗಿಗೆ ಯಳಂದೂರಿನ ಮಹದೇವಪ್ರಸಾದನ ಜೊತೆ ಮದುವೆ ಗೊತ್ತಾಗಿತ್ತು. "ಮಾವ, ಈಗೆಲ್ಲ ಪತ್ರಿಕೆನ ಫೋನಿಗೇ ಕಳಿಸ್ತಾರೆ. ನಂಗೂ ಅಂಗೇ ಒಂದು ವೆಬ್ ಪುಟ ಮಾಡ್ಕೊಡು" ಅಂದಳು. "ಆಯ್ತು ಕಣವ್ವ" ಅಂದುಬಿಟ್ಟ. ಮಾಡುವುದು ಹೇಗೆ ಅಂತ ಅವನಿಗೇನು ಗೊತ್ತು? ಆದರೆ ಆ ಕೂಸು ಕೇಳಿದ್ದಕ್ಕೆ ಇಲ್ಲ ಅಂದು ಅವನಿಗೆ ಅಭ್ಯಾಸವಿರಲಿಲ್ಲ.

ಮೈಸೂರಿಗೆ ಹೋಗಿ ವೆಬ್ ಪುಟದ ಅಲಂಕಾರ ಕಲಿಸುವ ಕನ್ನಡ ಪುಸ್ತಕವೊಂದನ್ನು ತಂದ. ಏನೂ ಗೊತ್ತಿಲ್ಲದವರಿಗೆ ಎಂದು ರಟ್ಟಿನ ಮೇಲೇ ಹಾಕಿತ್ತು. "ನಿಮ್ಗೇ ಅಂತ ಬರ್ದಂಗದೆ ಕಣ್ರಿ" ಅಂದಳು ಹೆಂಡತಿ ಯಶೋದ. ಬಣ್ಣದ ಪಾಠ ಅವನಿಗೆ ಹೋಳಿಗೆ ತಿಂದಷ್ಟು ಸಲೀಸಾಯಿತು. ಪುಟಕ್ಕೆಲ್ಲ ಅರಿಶಿನ ಬಳಿದು, ಅಕ್ಷರಕ್ಕೆ ಕುಂಕುಮ ಹಚ್ಚಿದ. ಪುಟದಲ್ಲಿರುವುದೆಲ್ಲ ಒಂದೊಂದು ಪೆಟ್ಟಿಗೆ, ಪೆಟ್ಟಿಗೆಯ ಒಳಗೂ ಹೊರಗೂ ಜಾಗ ಬಿಡಿ ಎಂದಾಗ ಮಾತ್ರ ಪುಸ್ತಕದ ಜೊತೆಗೇ ಜಗಳಕ್ಕೆ ನಿಂತ. ಚಿಕ್ಕ ಪರದೆಗೆ ಹೊಂದಿಸುವುದು ಎಂಬ ಪಾಠವನ್ನಂತೂ ಹಾರಿಸಿಯೇಬಿಟ್ಟ. ಅಂಗಡಿಯಲ್ಲಿ ಅಷ್ಟು ದೊಡ್ಡ ಪರದೆ ಇಟ್ಟುಕೊಂಡವನಿಗೆ ಚಿಕ್ಕದರ ಗೊಡವೆ ಯಾಕೆ?

ಅಂತೂ ಪುಟ ತಯಾರಾಯಿತು. ಎಡಕ್ಕೆ ಹೆಣ್ಣಿನ ಕಡೆಯವರು, ಬಲಕ್ಕೆ ಗಂಡಿನ ಕಡೆಯವರು. ಅಚ್ಚಿನ ಪತ್ರಿಕೆಯಲ್ಲಿರುವ ಹಾಗೆಯೇ ಸರಿಸಮ. ಹಿಗ್ಗಿನಿಂದ ಅದರ ಲಿಂಕನ್ನು ಎರಡೂ ಮನೆಗೆ ಕಳಿಸಿದ, ಅವರು ಊರಿಗೆಲ್ಲ ಹಂಚಿದರು.

ಮಾರನೇ ಬೆಳಿಗ್ಗೆ ಗಂಡಿನ ತಂದೆ ಕೆಂಪನಂಜಪ್ಪನವರ ಫೋನು. "ಏನ್ರೀ ಸ್ವಾಮಿ, ನಮ್ಮನ್ನ ಎಣ್ಣಿನ ಕಡೆಯೋರ ಕಾಲ್ಕೆಳಗೆ ಕೂರ್ಸಿದ್ದೀರಲ್ಲ, ನಾವೇನು ಬಿಟ್ಟಿ ಬಿದ್ದಿದ್ದೀವಾ?"

ತನ್ನ ಫೋನಿನಲ್ಲಿ ತೆಗೆದು ನೋಡಿದರೆ ನಿಜ. ಫೋನಿನ ಅಗಲ ಸಾಲದೆ ಬಲಗಡೆಯ ಪೆಟ್ಟಿಗೆ ಎಡಗಡೆಯದರ ಕೆಳಕ್ಕೆ ಇಳಿದು ಕೂತಿತ್ತು. ಹಾರಿಸಿದ್ದ ಪಾಠವನ್ನು ತೆಗೆದು ತಿದ್ದಲು ಕೂತ. ಕಳಿಸಿದ ಪತ್ರಿಕೆ ಕಳಿಸಿಯಾಯಿತು, ಅದಿನ್ನು ಬದಲಾಗುವುದಿಲ್ಲ. ಸರಿಯಾದದ್ದನ್ನು ಮತ್ತೊಮ್ಮೆ ಕಳಿಸಿದರಾಯಿತು ಎಂಬುದು ಅಚ್ಚಿನವನ ಲೆಕ್ಕ. ಪುಟ ಇರುವುದು ಒಂದೇ, ಎಲ್ಲರ ಫೋನಿನಲ್ಲೂ ಕಾಣುವುದು ಅದೇ ಎಂಬುದು ಪಾಪ ಅವನ ತಲೆಗೆ ಹೊಳೆಯಲಿಲ್ಲ. ಅಭ್ಯಾಸಕ್ಕೆಂದು ಗಂಡಿನ ಕಡೆಯವರನ್ನು ಮೇಲಕ್ಕೆ ಹಾಕಿ ನೋಡಿದ. ಅದೇ ಹೊತ್ತಿಗೆ ಮುಳ್ಳೂರಿನ ಜಗಲಿಯಲ್ಲಿ ಅಕ್ಕಪಕ್ಕದವರಿಗೆ ಪತ್ರಿಕೆ ತೋರಿಸುತ್ತಿದ್ದ ನಾಗಶ್ರೀಯ ತಂದೆ, ಭಾವ ಸದಾಶಿವಪ್ಪನವರು, ಇನ್ನೊಬ್ಬರಿಗೆಂದು ಪುಟವನ್ನು ಮತ್ತೆ ತೆರೆದರೆ, ನೋಡನೋಡುತ್ತ ಗಂಡಿನ ಕಡೆಯವರ ಕೆಳಕ್ಕೆ ಬಿದ್ದರು.

"ಲೇ, ಯಳಂದೂರೋರು ಅದೇನ್ ಕೊಟ್ರೋ ನಿಂಗೆ?" ಫೋನಿನಲ್ಲಿ ಭಾವ ಗುಡುಗಿದರು. "ಪತ್ರಿಕೇಲೇ ಇಂಗಾದ್ರೆ ನಾಳೆ ನನ್ ಮಗಳ ಗತಿ ಏನ್ಲಾ? ಈ ಮದ್ವೆನೇ ಬ್ಯಾಡ ಅಂದ್ಬುಡ್ತೀನಿ ನೋಡು."

ಹಿಂದಿನಿಂದ ನಾಗಶ್ರೀ ಅಳುವುದು ಕೇಳಿಸಿತು. ಅವಳಿಗೊಂದು ಚಂದದ್ದು ಮಾಡಿಕೊಡಲು ಹೋಗಿ ಅವಳ ಮದುವೆಗೇ ಕಲ್ಲು ಹಾಕಿದೆನಲ್ಲ ಎಂದು ಮಲ್ಲಿಕಾರ್ಜುನಸ್ವಾಮಿ ನೊಂದುಕೊಂಡ. ತೋಚಿದಂತೆ ಪುಸ್ತಕ ಮಗುಚಿದ. ಕಡೆಗೆ, ಕಲಿಯುವ ತನಕ ಈ ಹೆಸರುಗಳೇ ಬೇಡ ಎಂದು ಅವುಗಳಿಗೂ ಪುಟದ ಅರಿಶಿನವನ್ನೇ ಬಳಿದು ಊಟಕ್ಕೆ ಹೋದ. ಅರಿಶಿನದೊಳಗೆ ಅರಿಶಿನ, ಎರಡೂ ಮನೆತನ ಕಾಣದಂತಾದವು.

ಊಟ ಮಾಡಿ ಬಂದು ನೋಡುತ್ತಾನೆ, ಅಂಗಡಿಯ ಬೆಂಚಿನ ಮೇಲೆ ಬೀಗರಿಬ್ಬರೂ ಅಕ್ಕಪಕ್ಕ ಕೂತಿದ್ದಾರೆ.

"ನಮ್ಮಿಬ್ರುನ್ನೂ ಕಿತ್ತಾಕಿದ್ದೀಯಲ್ಲ, ಮದ್ವೆ ಮಾಡೋನು ನೀನೇನ್ಲಾ?" ಅಂದರು ಸದಾಶಿವಪ್ಪ.

"ಅಂಗೇಳಿ ಬೀಗ್ರೆ" ಎಂದು ಕೆಂಪನಂಜಪ್ಪ ದನಿಗೂಡಿಸಿದರು. ಇಬ್ಬರೂ ಒಟ್ಟಾಗಿ ಬಯ್ದರು. ಬಯ್ದು ದಣಿದ ಮೇಲೆ ಟೀ ಬಂತು. ಮಲ್ಲಿಕಾರ್ಜುನಸ್ವಾಮಿ ಹೆಸರುಗಳನ್ನು ಮತ್ತೆ ಕಾಣಿಸಿ, "ಫೋನಲ್ಲಿ ಒಬ್ರು ಮ್ಯಾಲಿರ್ಬೇಕು, ಒಬ್ರು ಕೆಳಗಿರ್ಬೇಕು. ಯಾರು ಅಂತ ನೀವೇ ಏಳಿ" ಎಂದು ಕೈಮುಗಿದ.

ಫೋನಿನಲ್ಲಿ ಹೇಗಾದರೂ ಕೂಗಾಡಬಹುದು. ಎದುರಿಗೆ ಕೂತ ಬೀಗರ ಮುಂದೆ ನಾನು ಮೊದಲು ಅನ್ನುವುದುಂಟೆ? "ಗಂಡಿನ ಕಡೆಯೋರು, ಅವರ್ದೇ ಮೊದ್ಲಿರ್ಲಿ" ಅಂದರು ಸದಾಶಿವಪ್ಪ. "ಎಲ್ಲಾರ ಉಂಟಾ? ಎಣ್ಣು ಕೊಡೋರು ದೊಡ್ಡೋರು, ನಿಮ್ದೇ ಮೊದ್ಲು" ಅಂದರು ಕೆಂಪನಂಜಪ್ಪ. ಇವರು ಅಂದಾಗ ಅವರನ್ನು ಮೇಲೆ ಹಾಕಿದ, ಅವರು ಅಂದಾಗ ಇವರನ್ನು. ಕೆಳಗಿರುತ್ತೇನೆಂದು ಇಬ್ಬರೂ ಹಟ ಹಿಡಿದರು. ನನ್ನ ಮಾತಿಗೆ ಬೆಲೆಯೇ ಇಲ್ಲವೇ ಎಂದು ಇಬ್ಬರ ದನಿಯೂ ಮತ್ತೆ ಏರತೊಡಗಿದಾಗ, ಪುಣ್ಯಕ್ಕೆ ಕರೆಂಟು ಹೋಯಿತು. ಆಗ ಹೇಗಿತ್ತೋ ಹಾಗೆಯೇ ಇರಲಿ ಎಂದಾಯಿತು. ಯಾರು ಮೇಲಿದ್ದರೆಂದು ಇಬ್ಬರೂ ಕೇಳದೆ, ಜೊತೆಯಾಗಿ ಹೋಟೆಲಿನ ಕಡೆ ನಡೆದರು.

ಸಂಜೆ ಕರೆಂಟು ಬಂದ ಮೇಲೆ ನಾಗಶ್ರೀ ಫೋನು ಮಾಡಿದಳು. "ಪತ್ರಿಕೆ ಬೋ ಚೆನ್ನಾಗದೆ ಮಾವ. ನಿನ್ನೆಸ್ರೆಲ್ಲಿ?"

ಮಲ್ಲಿಕಾರ್ಜುನಸ್ವಾಮಿ ಪುಟವನ್ನು ಮೇಲಿಂದ ಕೆಳಗೆ ಎಳೆದು ನೋಡಿದ. ದೇವರಿದ್ದರು, ಅಜ್ಜ ಅಜ್ಜಿಯರಿದ್ದರು, ಮದುವೆಗೆ ಬರುವುದೇ ಅನುಮಾನವಿದ್ದ ನೆಂಟರೂ ಇದ್ದರು. ಸೋದರ ಮಾವನಿರಲಿಲ್ಲ. ಯಾರು ಮುನಿಸಿಕೊಳ್ಳುತ್ತಾರೋ ಎಂಬ ಭಯದಲ್ಲಿ ಮುನಿಯದವನೊಬ್ಬನನ್ನು ಮರೆತಿದ್ದ.

"ಜಾಗ ಇರ್ನಿಲ್ಲ ಕಣವ್ವ" ಎಂದ, ಸುಳ್ಳು.

"ಜಾಗ ಮಾಡು. ನೀನಿಲ್ದಿದ್ರೆ ನಾನು ಧಾರೆಗೆ ಕೂರಕಿಲ್ಲ."

ಪುಟದ ಪಕ್ಕಕ್ಕೆ ನಿಲ್ಲಿಸಿದ್ದ ಒಂದು ಬಾಳೆಕಂಬ ಕಿತ್ತು ಹಾಕಿದ. ಊರವರ ಹೆಸರನ್ನೆಲ್ಲ ಕಣ್ಣು ಮುಚ್ಚಿ ಜೋಡಿಸುವ ಬೆರಳು ತನ್ನ ಹೆಸರಿಗೆ ತಡವರಿಸಿತು. ಫೋನು ಇನ್ನೂ ಕಿವಿಗೇ ಇತ್ತು.

"ಈಗ ಕಾಣ್ತದಾ ಮಗ?"

"ಇರು ಮಾವ... ಆಂ, ಕಾಣ್ತದೆ" ಅಂದಳು.