ನಲ್ಲಿಗಳಿಗೆ ಬಟ್ಟೆ ಕಟ್ಟಿದ ದಿನ

1978ರ ಮಾರ್ಚ್ ತಿಂಗಳ ಒಂದು ಬುಧವಾರ, ಬೆಳಿಗ್ಗೆ ಎಂಟು ಗಂಟೆ. ಕನಕಪುರದ ಸರ್ಕಾರಿ ಆಸ್ಪತ್ರೆಯ ಗಂಡಸರ ವಾರ್ಡಿನಲ್ಲಿ ನಾನು ರಾತ್ರಿ ಪಾಳಿಯವರಿಂದ ಡ್ಯೂಟಿ ವಹಿಸಿಕೊಳ್ಳುತ್ತಿದ್ದೆ. ಆಗ ಅಲ್ಲಿದ್ದವರು ರೌಂಡ್ಸಿಗೆ ಬಂದ ಡಾಕ್ಟರು, ರಾತ್ರಿ ಪಾಳಿಯ ಸಿಸ್ಟರ್, ಆಯಾ ಪುಟ್ಟಮ್ಮ ಮತ್ತು ನಾನು. ನಾನಾಗ ಸ್ಟಾಫ್ ನರ್ಸ್. ಊರು ಮಾಗಡಿ ತಾಲ್ಲೂಕಿನ ಗುಡೇಮಾರನಹಳ್ಳಿ. ಮೊದಲು ಹಾಸಿಗೆ, ಆಮೇಲೆ ಔಷಧಿ, ಮಾತು ಕೊನೆಗೆ ಎಂದು ನಮ್ಮ ನರ್ಸಿಂಗ್ ಶಾಲೆಯಲ್ಲಿ ಕಲಿಸಿದ್ದರು. ಆ ಕ್ರಮ ತಪ್ಪಿದ ದಿನಗಳು ನನ್ನ ಸರ್ವೀಸಿನಲ್ಲಿ ಕಡಿಮೆ. ಇದು ಅವುಗಳಲ್ಲಿ ಒಂದು.

ಹಾಸಿಗೆಗಳ ಹೊದಿಕೆ ಬದಲಿಸುತ್ತಿರುವಾಗ ಅಂಗಳಕ್ಕೆ ಕಲ್ಲು ಸಾಗಿಸುವ ಲಾರಿಯೊಂದು ಬಂದು ನಿಂತಿತು. ಮೂವರು ಗಂಡಸರು ಒಬ್ಬನನ್ನು ಹೊತ್ತು ಇಳಿಸಿದರು. ಎತ್ತು ಕಟ್ಟುವ ಹಗ್ಗದಿಂದ ಅವನ ಕೈ ಕಾಲು ಬಿಗಿದಿದ್ದರು. ಮೂವತ್ತೈದರ ಆಸುಪಾಸಿನ, ಗಟ್ಟಿ ಮೈಯ ಆಳು. ಹೆಸರು ಚೌರಪ್ಪ. ಕಲ್ಲು ಕ್ವಾರಿಯಲ್ಲಿ ಬಂಡೆಗೆ ಕುಳಿ ಹೊಡೆಯುವ ಕೆಲಸ. ಕನಕಪುರದ ದಕ್ಷಿಣಕ್ಕಿರುವ ಒಂದು ಕ್ರೈಸ್ತ ಹಳ್ಳಿಯವನು. ಜೊತೆಗೆ ಬಂದವರಲ್ಲಿ ಹಿರಿಯ ಅವನ ಅಣ್ಣ ಇನ್ನಾಸಪ್ಪ, ಊರಿನಲ್ಲಿ ಪ್ರಾರ್ಥನೆ ಹೇಳಿಕೊಡುವ ಉಪದೇಶಿ. ಹಿಂದೆಯೇ ಹೆಂಡತಿ ಆರೋಗ್ಯಮ್ಮ ಇಳಿದಳು. ಗಂಡನ ಬಾಯಿಂದ ಸುರಿಯುತ್ತಿದ್ದ ಜೊಲ್ಲನ್ನು ಒರೆಸಿ ಒರೆಸಿ ಅವಳ ಸೆರಗೆಲ್ಲ ಒದ್ದೆಯಾಗಿತ್ತು.

"ಹಗ್ಗ ಬಿಚ್ಚಿ," ಎಂದೆ.

"ಬಿಚ್ಬ್ಯಾಡಿ ಸಿಸ್ಟ್ರೇ," ಎಂದ ಇನ್ನಾಸಪ್ಪ. "ಅವನ ಮೈಲಿರೋದು ಅವನಲ್ಲ. ಸೈತಾನ. ನಿನ್ನೆ ತೀರ್ಥ ಕುಡ್ಸಕ್ಕೋದ್ರೆ ಲೋಟ ಕಿತ್ತು ಗೋಡೆಗೆ ಬಿಸಾಕ್ದ. ಹುಟ್ಟಿದಾಗ್ನಿಂದ ಒಂದು ಭಾನುವಾರಾನೂ ಪೂಜೆ ತಪ್ಸಿದೋನಲ್ಲ ಕಣವ್ವ."

ಆ ಜನರ ನಂಬಿಕೆಯನ್ನು ಇಲ್ಲಿ ಸ್ವಲ್ಪ ಹೇಳಬೇಕು. ನಮ್ಮೂರ ಕಡೆ ಮೈಮೇಲೆ ಬರುವುದು ಸತ್ತವರ ದೆವ್ವ. ಕೋಳಿ ಕೊಟ್ಟರೆ, ಬೇವಿನ ಸೊಪ್ಪಿನಲ್ಲಿ ಹೊಡೆದರೆ ಬಿಟ್ಟು ಹೋಗುತ್ತದೆ ಅನ್ನುತ್ತಾರೆ. ಅವರ ಸೈತಾನ ಹಾಗಲ್ಲ. ಅವನು ದೇವರಿಗೇ ಎದುರು ನಿಂತು ಕೆಳಗೆ ಬಿದ್ದ ದೇವದೂತ. ದೇವರಿಗೆ ಸೇರಿದ ಯಾವುದನ್ನೂ ಅವನು ತಾಳಲಾರ: ಶಿಲುಬೆ, ಜಪಸರ, ಪಾದ್ರಿಗಳು ಮಂತ್ರಿಸಿ ಕೊಟ್ಟ ನೀರು. ಆ ನೀರನ್ನೇ ಅವರು ತೀರ್ಥ ಎನ್ನುವುದು. ಹುಷಾರಿಲ್ಲದವರಿಗೆ ಅದನ್ನು ಚಿಮುಕಿಸುತ್ತಾರೆ, ಒಂದು ಗುಟುಕು ಕುಡಿಸುತ್ತಾರೆ. ಕುಡಿದವನು ದೇವರವನು. ತೀರ್ಥ ಕಂಡು ಚೀರಿ ಹಿಂದಕ್ಕೆ ಬಿದ್ದ ಚೌರಪ್ಪ ಯಾರವನು ಎಂಬುದರಲ್ಲಿ ಊರಿಗೆ ಅನುಮಾನ ಉಳಿದಿರಲಿಲ್ಲ. ಚೌರಪ್ಪನಿಗೂ ಉಳಿದಿರಲಿಲ್ಲ.

ಅವನನ್ನು ವಾರ್ಡಿನೊಳಗೆ ತಂದು ಹಾಸಿಗೆಯ ಮೇಲೆ ಮಲಗಿಸಿ ನಾನು ಹಗ್ಗ ಬಿಚ್ಚಿಸಿದೆ. ಇನ್ನಾಸಪ್ಪ ಅದನ್ನು ಸುತ್ತಿ ಕೈಯಲ್ಲೇ ಹಿಡಿದುಕೊಂಡ. ಚೌರಪ್ಪ ಯಾರ ಮೇಲೂ ಎಗರಲಿಲ್ಲ. ಸುಮ್ಮನೆ ಸುತ್ತ ನೋಡಿದ. ಕಣ್ಣಲ್ಲಿ ಬುದ್ಧಿ ಇತ್ತು, ಭಯ ಇತ್ತು.

ಪಕ್ಕದ ಹಾಸಿಗೆಯಲ್ಲಿ ಹರ್ನಿಯಾ ಆಪರೇಷನ್ ಆಗಿದ್ದ ಕೆಂಪಯ್ಯ ಎಂಬ ರಾಗಿ ಬೆಳೆಯುವ ಮುದುಕ ಇದ್ದ. ಅದೇ ಹೊತ್ತಿಗೆ ಅವನ ಹೆಂಡತಿ ತಂಬಿಗೆಯಿಂದ ಲೋಟಕ್ಕೆ ಮಜ್ಜಿಗೆ ಬಗ್ಗಿಸಿದಳು. ಸುರಿಯುವ ಸದ್ದಿಗೆ ಚೌರಪ್ಪನ ಕತ್ತಿನ ನರಗಳೆಲ್ಲ ಹುರಿಯಂತೆ ಎದ್ದವು. ಉಸಿರು ಸಿಕ್ಕಿಕೊಂಡು, ಮೈ ಬಿಲ್ಲಿನಂತೆ ಬಾಗಿ, ಗಂಟಲಿನಿಂದ ಒಂದು ಕೂಗು ಹೊರಟಿತು. ಕೆಂಪಯ್ಯನ ಹೆಂಡತಿ ತಂಬಿಗೆ ಬಿಟ್ಟೇಬಿಟ್ಟಳು.

ಡಾಕ್ಟರು ಹತ್ತಿರ ಬಂದು ಒಂದೇ ಪ್ರಶ್ನೆ ಕೇಳಿದರು. "ನಾಯಿ ಕಚ್ಚಿತ್ತಾ?"

ಇನ್ನಾಸಪ್ಪ ಇಲ್ಲವೆಂದ. ಆರೋಗ್ಯಮ್ಮ ನೆನಪು ಮಾಡಿಕೊಂಡು ಹೇಳಿದಳು. "ನಾಯಲ್ಲ ಸ್ವಾಮಿ, ಮರಿ. ಕ್ರಿಸ್ಮಸ್ ಆದ್ಮೇಲೆ ಕ್ವಾರಿತಾವ ಒಂದು ನಾಯಿಮರಿ ಬಿದ್ದಿತ್ತಂತೆ. ಅಯ್ಯೋ ಪಾಪ ಅಂತ ಎತ್ಕೊಂಡವ್ರೆ, ಬೆರಳು ಕಚ್ತು. ಒಸಿ ರಕ್ತ ಬಂತು. ಮೆಣಸಿನಪುಡಿ ಸುಣ್ಣ ಮೆತ್ತಿದ್ವಿ, ವಾಸಿಯಾಯ್ತು. ಮರಿ ಮಾರನೇ ದಿನ ಸತ್ತೋಯ್ತು."

ಡಾಕ್ಟರು ನನ್ನನ್ನು ವರಾಂಡಕ್ಕೆ ಕರೆದರು. "ರೇಬೀಸ್. ನಾವು ಮಾಡೋದಕ್ಕೆ ಏನೂ ಇಲ್ಲ ಸಿಸ್ಟರ್. ನೆಮ್ಮದಿಯಾಗಿ ಹೋಗೋ ಹಾಗೆ ನೋಡ್ಕೊಳ್ಳಿ."

ಹುಚ್ಚುನಾಯಿ ಕಡಿತದ ಈ ಕಾಯಿಲೆಯಲ್ಲಿ ಗಂಟಲಿನ ಸ್ನಾಯುಗಳು ನೀರು ಕಂಡರೆ, ನೀರಿನ ಸದ್ದು ಕೇಳಿದರೆ, ಮುಖಕ್ಕೆ ಗಾಳಿ ಸೋಕಿದರೂ ಸೆಟೆದುಕೊಳ್ಳುತ್ತವೆ. ಇದಕ್ಕೆ ಹೈಡ್ರೋಫೋಬಿಯಾ ಎನ್ನುತ್ತೇವೆ. ಒಂದು ಸೆಳೆತಕ್ಕೂ ಇನ್ನೊಂದಕ್ಕೂ ನಡುವೆ ರೋಗಿಗೆ ಎಚ್ಚರ ಪೂರ್ತಿ ಇರುತ್ತದೆ. ತನಗೆ ಏನಾಗುತ್ತಿದೆ ಎಂದು ಗೊತ್ತಿರುತ್ತದೆ. ರೋಗದ ಲಕ್ಷಣ ಕಾಣಿಸಿಕೊಂಡ ಮೇಲೆ ಔಷಧಿ ಇಲ್ಲ. ಕಚ್ಚಿದ ಕೂಡಲೇ ಬಂದವರಿಗೆ ಆಗ ಹೊಕ್ಕುಳ ಸುತ್ತ ಹದಿನಾಲ್ಕು ಇಂಜೆಕ್ಷನ್ ಕೊಡುತ್ತಿದ್ದೆವು. ಅದು ನಮ್ಮ ಆಸ್ಪತ್ರೆಯಲ್ಲೇ ಇತ್ತು.

ವಾರ್ಡಿನ ಕೊನೆಯಲ್ಲಿದ್ದ ಒಂಟಿ ಕೋಣೆಗೆ ಅವನನ್ನು ಸೇರಿಸಿದೆ. ಕಿಟಕಿಗೆ ಕಂಬಳಿ ಕಟ್ಟಿಸಿ, ಫ್ಯಾನಿನ ಸ್ವಿಚ್ಚಿನ ಮೇಲೆ ಪ್ಲಾಸ್ಟರ್ ಅಂಟಿಸಿದೆ. ವಾರ್ಡಿನ ನಲ್ಲಿಗಳು ತೊಟ್ಟಿಕ್ಕುತ್ತಿದ್ದವು. ಅವುಗಳಿಗೆಲ್ಲ ಪುಟ್ಟಮ್ಮ ಬಟ್ಟೆ ಸುತ್ತಿ ಬಿಗಿದಳು. ಕುಡಿಯುವ ನೀರಿನ ಕೊಳದಪ್ಪಲೆಯನ್ನು ಹೊರಗೆ ಸಾಗಿಸಿದೆವು. ಬಾಯಾರಿದವರು ವರಾಂಡದ ಆಚೆ ಹೋಗಿ ಕುಡಿಯಬೇಕೆಂದು ಹೇಳಿದೆ. ಯಾರೂ ಎದುರಾಡಲಿಲ್ಲ. ಪುಟ್ಟಮ್ಮ ಆರೋಗ್ಯಮ್ಮನನ್ನೂ ಕರೆದಳು. ಅವಳು ಏಳಲಿಲ್ಲ.

"ಅವ್ರು ಕುಡಿಯೋಗಂಟ ನಂಗೂ ಬ್ಯಾಡ," ಎಂದಳು. ಹಿಂದಿನ ದಿನದಿಂದ ಅವಳು ಒಂದು ಗುಟುಕು ನೀರು ಕುಡಿದಿರಲಿಲ್ಲ.

ಮಂಪರು ಬರುವ ಇಂಜೆಕ್ಷನ್ ಕೊಟ್ಟ ಮೇಲೆ ಸೆಳೆತ ಸ್ವಲ್ಪ ತಗ್ಗಿತು. ಚೌರಪ್ಪ ಮೆಲ್ಲಗೆ ಕರೆದ.

"ಸಿಸ್ಟ್ರೇ, ನಾನು ಅವನ ಕೈಗೆ ಸಿಕ್ಕೋಗಿದ್ದೀನಾ?"

"ಯಾರ ಕೈಗೆ?"

"ಸೈತಾನನ ಕೈಗೆ. ತೀರ್ಥ ಅಂದ್ರೆ ಒಳಗಡೆ ನಾನು ಬೇಕು, ಬೇಕು ಅಂತೀನಿ. ಗಂಟ್ಲು ಬ್ಯಾಡ ಅಂತೈತೆ. ಇದು ನನ್ ಗಂಟ್ಲಲ್ಲ ಸಿಸ್ಟ್ರೇ. ಸಾಯೋದು ಸಾಯ್ತೀನಿ, ಅವನೋನಾಗಿ ಸಾಯ್ಬೇಕಾ?"

ಇದು ಕಾಯಿಲೆ ಎಂದು ಹೇಳಿದೆ. ಅವನು ತಲೆ ಆಡಿಸಿದ, ನಂಬಲಿಲ್ಲ. ಅವನು ಕೇಳಿದ್ದಕ್ಕೆ ಉತ್ತರ ಕೊಡುವ ಅಧಿಕಾರ ನನ್ನದಲ್ಲ ಅನ್ನಿಸಿತು. ಡಾಕ್ಟರ ಒಪ್ಪಿಗೆ ಪಡೆದು, ಅವರ ಪಾದ್ರಿಗಳನ್ನು ಕರೆತರಲು ಲಾರಿಯವನನ್ನು ಕಳಿಸಿದೆ.

ಪಾದ್ರಿಗಳನ್ನು ಅವರು ಸ್ವಾಮಿಗಳು ಎನ್ನುತ್ತಾರೆ. ಅವರು ಬಂದಾಗ ಮಧ್ಯಾಹ್ನ. ಐವತ್ತು ದಾಟಿದವರು, ಇದೇ ತಾಲ್ಲೂಕಿನವರು. ನಾನು ಬಾಗಿಲಲ್ಲೇ ತಡೆದು ಕಾಯಿಲೆಯ ವಿಷಯ ಹೇಳುತ್ತಿದ್ದೆ. ಇನ್ನಾಸಪ್ಪ ನಡುವೆ ಬಂದ.

"ಸಿಸ್ಟ್ರು ಒಳ್ಳೇವ್ರೇ ಸ್ವಾಮೇರೇ. ಆದ್ರೆ ಅವ್ರು ಬ್ಯಾರೆ ಜನ. ನಮ್ ಸೈತಾನನ ವಿಷ್ಯ ಅವ್ರಿಗೇನ್ ಗೊತ್ತು? ತೀರ್ಥ ಕಂಡು ಒದ್ದಾಡಿದ್ದು ನಾನು ಕಣ್ಣಾರೆ ಕಂಡಿವ್ನಿ."

ಹಾಸಿಗೆಯ ಮೇಲಿನಿಂದ ಕೆಂಪಯ್ಯ ಕೂಗಿದ. "ಅಣ್ಣೋ, ನಾನೂ ಕಣ್ಣಾರೆ ಕಂಡಿವ್ನಿ. ನನ್ ಮಜ್ಜಿಗೇಗೂ ಹಂಗೇ ಒದ್ದಾಡ್ದ. ನಮ್ಮನೆ ಮಜ್ಜಿಗೇಲಿ ಯಾವ ತೀರ್ಥ ಐತೆ ಯೋಳು? ಬೆಣ್ಣೇನೇ ಇಲ್ಲ!"

"ಸುಮ್ಕಿರು, ಹೊಲಿಗೆ ಬಿಚ್ಕೋತದೆ," ಎಂದು ಹೆಂಡತಿ ಗದರಿದಳು.

ಸ್ವಾಮಿಗಳು ನಗಲಿಲ್ಲ. "ಮಜ್ಜಿಗೇಗೂನಾ?" ಎಂದು ನನ್ನನ್ನು ಕೇಳಿದರು. ಹೌದೆಂದೆ. ಕೈಚೀಲದಲ್ಲಿದ್ದ ತೀರ್ಥದ ಸೀಸೆಯನ್ನು ತೆಗೆದು ವರಾಂಡದ ಕಟ್ಟೆಯ ಮೇಲಿಟ್ಟರು. ನಡೆದರೆ ನಿಲುವಂಗಿಯ ಗಾಳಿ ಬೀಸುತ್ತದೆ ಎಂದು ಎಚ್ಚರಿಸಿದೆ. ಅದನ್ನೂ ಕಳಚಿ, ಬರೀ ಷರಟು ಪ್ಯಾಂಟಿನಲ್ಲಿ ಒಳಗೆ ಹೋಗಿ ಹಾಸಿಗೆಯ ಪಕ್ಕ ಕುಳಿತರು.

"ಲೋ ಚೌರ. ಮಜ್ಜಿಗೇನೂ ಬ್ಯಾಡ ಅಂದ್ಯಂತೆ?"

"ಹೂಂ ಸ್ವಾಮಿ."

"ಮಜ್ಜಿಗೆ ಕಂಡು ಹೆದ್ರೋ ಸೈತಾನನ್ನ ನಾನು ಇದುವರ್ಗೂ ಕೇಳಿಲ್ಲ ಕಣಪ್ಪ."

ಚೌರಪ್ಪನ ಮುಖದಲ್ಲಿ ನಗುವಿನಂಥದ್ದೊಂದು ಬಂತು. ಆ ಉಸಿರಿಗೇ ಸೆಳೆತ ಶುರುವಾಯಿತು. ಇಳಿಯುವವರೆಗೆ ಸ್ವಾಮಿಗಳು ಅವನ ಭುಜ ಹಿಡಿದುಕೊಂಡಿದ್ದರು.

"ನಿನ್ನ ಗಂಟ್ಲು ಹಿಡ್ದಿರೋದು ನಾಯಿ ರೋಗ. ಅವನಲ್ಲ," ಎಂದರು.

"ರೋಗ ಕಳ್ಸಿದ್ಯಾರು ಸ್ವಾಮಿ? ಅವನೇ ಅಲ್ವಾ?"

ಇಲ್ಲ ಎಂದುಬಿಡುತ್ತಾರೆ ಎಂದುಕೊಂಡಿದ್ದೆ. ಸ್ವಾಮಿಗಳು ಹೇಳಿದರು. "ಇರ್ಬೋದು. ಅದು ನಂಗೊತ್ತಿಲ್ಲ. ಆದ್ರೆ ಸೈತಾನ ಅಂದ್ರೆ ಕಟ್ಟಿ ಹಾಕಿದ ಹೋರಿ ಕಣಪ್ಪ. ನೋಡು, ನಿಮ್ಮಣ್ಣನ ಕೈಲೈತಲ್ಲ, ಅಂಥ ಹಗ್ಗದಲ್ಲಿ. ಗೂಟ ಬಡ್ದೋನು ದೇವ್ರು. ಹಗ್ಗ ಹೋಗೋವರ್ಗೂ ಅವನು ಮೇಯ್ತಾನೆ, ತುಳೀತಾನೆ, ಹಾಯ್ತಾನೆ. ನಿನ್ನ ಮೈವರ್ಗೂ ಬಂದವ್ನೆ ಅಂತ್ಲೇ ಇಟ್ಕೋ. ಒಳಗಡೆ ನೀನು ಬೇಕು ಬೇಕು ಅಂತಿದ್ಯಲ್ಲ, ಅಲ್ಲೀವರ್ಗೂ ಹಗ್ಗ ಸಾಲ್ದು. ಅಲ್ಲಿ ನೀನೂ ದೇವ್ರೂ ಇಬ್ರೇ."

ಚೌರಪ್ಪ ಕಣ್ಣು ಮುಚ್ಚಿದ. ಬೆಳಗಿನಿಂದ ಮೊದಲ ಬಾರಿಗೆ ಅವನ ಮುಷ್ಟಿ ಸಡಿಲಿತು.

ಆಗ ಕೆಳಗೆ ಕುಳಿತಿದ್ದ ಆರೋಗ್ಯಮ್ಮ, ದನಿ ಏರಿಸದೆ ಕೇಳಿದಳು.

"ಸ್ವಾಮೇರೇ, ಹಗ್ಗಾನ ಒಸಿ ಗಿಡ್ಡ ಕಟ್ಟಿದ್ರೆ ದೇವ್ರಿಗೇನಾಗ್ತಿತ್ತು?"

ಇನ್ನಾಸಪ್ಪ "ಏಯ್" ಎಂದು ಗದರಹೋದ. ಸ್ವಾಮಿಗಳು ಕೈಯೆತ್ತಿ ಸುಮ್ಮನಾಗಿಸಿದರು. "ಗೊತ್ತಿಲ್ಲ ಕಣಮ್ಮ," ಎಂದಷ್ಟೇ ಹೇಳಿದರು. ಅವರ ಮೇಲೆ ನನಗೆ ಗೌರವ ಹುಟ್ಟಿದ್ದು ಆ ಮಾತಿಗೆ.

ಅವರಲ್ಲಿ ಸಾಯುವವರ ಹಣೆಗೂ ಅಂಗೈಗೂ ಪವಿತ್ರ ಎಣ್ಣೆ ಹಚ್ಚಿ ಪ್ರಾರ್ಥಿಸುವ ವಿಧಿ ಇದೆ. ಅಭ್ಯಂಗ ಎನ್ನುತ್ತಾರೆ. ತೀರ್ಥ ತಾಳದವನು ಎಣ್ಣೆ ತಾಳುವನೇ ಎಂಬ ಅಳುಕು ಇನ್ನಾಸಪ್ಪನ ಮುಖದಲ್ಲಿ ಕಾಣುತ್ತಿತ್ತು. ನನಗೂ ಇತ್ತು, ಕೆಲವರಿಗೆ ಮುಟ್ಟಿದರೂ ಸೆಳೆತ ಬರುತ್ತದೆ. ಎಣ್ಣೆಯಲ್ಲಿ ಅದ್ದಿದ ಹತ್ತಿಯನ್ನು ಅಂಗೈಯಲ್ಲಿ ಹಿಡಿದು ಬೆಚ್ಚಗೆ ಮಾಡಿ ಸ್ವಾಮಿಗಳಿಗೆ ಕೊಟ್ಟೆ. ಉಸಿರು ಅವನ ಮುಖಕ್ಕೆ ತಾಗದಂತೆ ಅವರು ತಮ್ಮ ಮುಖ ಪಕ್ಕಕ್ಕೆ ತಿರುಗಿಸಿಕೊಂಡು ಹಣೆಯ ಮೇಲೆ ನಿಧಾನವಾಗಿ ಶಿಲುಬೆ ಎಳೆದರು. ಚೌರಪ್ಪ ಅಲುಗಲಿಲ್ಲ. ಎರಡೂ ಅಂಗೈಗಳನ್ನು ತಾನೇ ಬಿಡಿಸಿ ಮುಂದೆ ಚಾಚಿದ.

ಇನ್ನಾಸಪ್ಪ ಬಾಗಿಲಿಗೆ ಒರಗಿ ಅತ್ತ. "ನಾನೇ ಕಟ್ಟಾಕ್ದೆ ಕಣ್ಲಾ ತಮ್ಮ. ಎತ್ತಿಗೆ ಕಟ್ದಂಗೆ ಕಟ್ಟಾಕ್ದೆ."

"ಬುಡಣ್ಣೋ," ಎಂದ ಚೌರಪ್ಪ. ಅರ್ಥವಾಗುವಂತೆ ಅವನು ಆಡಿದ ಕೊನೆಯ ಮಾತು ಅದು.

ಸಂಜೆ ಐದಕ್ಕೆ ಮುಂಚೆ, ಒಂದು ಸೆಳೆತ ಮುಗಿದು ಇನ್ನೊಂದು ಬರುವ ಮೊದಲು, ಅವನ ಉಸಿರು ನಿಂತಿತು. ಡಾಕ್ಟರು ಬಂದು ನೋಡಿ ಸಮಯ ಬರೆಸಿದರು. ಇನ್ನಾಸಪ್ಪ ತಲೆ ತಗ್ಗಿಸಿ, ಊರ ಸಮಾಧಿ ಜಾಗದಲ್ಲಿ ಮಣ್ಣು ಮಾಡಬಹುದೇ, ಜನ ಹೆಣ ಹೊರಲು ಬರುತ್ತಾರೆಯೇ ಎಂದು ಕೇಳಿದ. "ನಿಮ್ಮಪ್ಪನ ಪಕ್ಕ. ಮುಂದ್ಗಡೆ ಹೆಗಲು ನಂದು," ಎಂದರು ಸ್ವಾಮಿಗಳು.

ಕೆಲಸ ಇನ್ನೂ ಇತ್ತು. ಮೈ ತೊಳೆದು, ಬಿಳಿ ಬಟ್ಟೆ ಸುತ್ತಿ ಕೊಟ್ಟೆ. ಹಾಸಿಗೆ, ದಿಂಬು, ಜೊತೆಗೆ ಆ ಹಗ್ಗ, ಎಲ್ಲವನ್ನೂ ಹಿತ್ತಿಲಲ್ಲಿ ಸುಡಿಸಿದೆ. ನೆಲಕ್ಕೆ ಫಿನೈಲ್ ಹಾಕಿಸಿದೆ. ರೋಗಿಯ ಜೊಲ್ಲು ತಾಗಿದವರಿಗೂ ಚುಚ್ಚುಮದ್ದು ಕೊಡಬೇಕೆಂದು ಡಾಕ್ಟರು ಬರೆದಿದ್ದರು. ಇನ್ನಾಸಪ್ಪನಿಗೂ ಜೊತೆ ಬಂದ ಇಬ್ಬರಿಗೂ ಕೊಟ್ಟು, ಕೊನೆಗೆ ಆರೋಗ್ಯಮ್ಮನನ್ನು ಡ್ರೆಸ್ಸಿಂಗ್ ರೂಮಿಗೆ ಕರೆದೆ. ಅವಳೂ ಕ್ವಾರಿಯಲ್ಲಿ ಕಲ್ಲು ಒಡೆಯುವವಳು. ಕೈತುಂಬ ಗಾಯಗಳು, ಆ ಕೈಯಲ್ಲೇ ಗಂಡನ ಬಾಯಿ ಒರೆಸಿದ್ದಳು. ಮಲಗು ಎಂದೆ. ಮಲಗಿದಳು. ಹೊಟ್ಟೆಗೆ ಸ್ಪಿರಿಟ್ ಹಚ್ಚುವಾಗ ಕೇಳಿದಳು.

"ಅವತ್ತು ಬೆರಳು ಕಚ್ದಾಗ ಇಲ್ಲಿಗೆ ಕರ್ಕೊಂಡು ಬಂದಿದ್ರೆ, ಅವ್ರಿಗೂ ಇದೇ ಸೂಜಿ ಹಾಕ್ತಿದ್ರಾ?"

"ಹೌದು."

"ಬದುಕ್ತಿದ್ರಾ?"

ಸುಳ್ಳು ಹೇಳುವುದು ಸುಲಭವಾಗಿತ್ತು. ಆದರೆ ಅವಳು ನಾಳೆಯಿಂದ ದಿನವೂ ಇದಕ್ಕಾಗಿ ಅಷ್ಟು ದೂರ ಬರಬೇಕಿತ್ತು. ಇದರಿಂದ ಜೀವ ಉಳಿಯುತ್ತದೆ ಎಂದು ಅವಳು ನಂಬಬೇಕಿತ್ತು.

"ಬದುಕೋರು," ಎಂದೆ.

ಅವಳು ಛಾವಣಿ ನೋಡುತ್ತ ಮಲಗಿದ್ದಳು. "ಹಂಗಾದ್ರೆ ಹಗ್ಗದ ಒಂದು ತುದಿ ನಮ್ ಕೈಲೂ ಇತ್ತು, ಅಲ್ವಾ ಸಿಸ್ಟ್ರೇ?"

ನಾನು ಸೂಜಿ ಹಾಕಿದೆ. ಅವಳು ಮುಖ ಕಿವುಚಲೂ ಇಲ್ಲ.

ಆಮೇಲೆ ಮಾಗಡಿ, ರಾಮನಗರ, ಚನ್ನಪಟ್ಟಣ ಎಲ್ಲ ಕಡೆ ಕೆಲಸ ಮಾಡಿ ನಿವೃತ್ತಳಾದೆ. ಕೆಡುಕು ಎಲ್ಲಿಂದ ಬರುತ್ತದೆ, ದೇವರು ಅದನ್ನು ಅಷ್ಟು ದೂರ ಯಾಕೆ ಬಿಡುತ್ತಾನೆ ಎಂದು ಆ ಸ್ವಾಮಿಗಳಿಗೇ ಗೊತ್ತಿರಲಿಲ್ಲ, ನನಗೆ ಹೇಗೆ ಗೊತ್ತಾಗಬೇಕು? ಆದರೆ ಬೆರಳಿಗೆ ಮೆಣಸಿನಪುಡಿ ಮೆತ್ತಿಕೊಂಡು ಬಂದ ಯಾರನ್ನೂ, ಮರಿ ತಾನೆ, ಗೀರು ತಾನೆ ಎಂದು ನಾನು ಹಾಗೇ ಕಳಿಸಲಿಲ್ಲ. ಸೋಪು ಹಾಕಿ ಗಾಯ ತೊಳೆಸಿ, ಸೂಜಿ ಹಾಕಿಯೇ ಕಳಿಸಿದೆ. ನನ್ನ ಕೈಯಲ್ಲಿದ್ದ ತುದಿ ಅಷ್ಟೇ.

ಆ ಸಂಜೆ ಇನ್ನೊಂದು ಕೆಲಸ ಬಾಕಿ ಇತ್ತು. ಹೊರಗೆ ಲಾರಿ ಹೊರಡಲು ತಯಾರಾಗುತ್ತಿತ್ತು. ನಾನು ವಾರ್ಡಿಗೆ ಹೋಗಿ ನಲ್ಲಿಗಳಿಗೆ ಕಟ್ಟಿದ್ದ ಬಟ್ಟೆಗಳನ್ನು ಒಂದೊಂದಾಗಿ ಬಿಚ್ಚಿದೆ. ಕೊನೆಯ ನಲ್ಲಿ ತಿರುಗಿಸಿ ಒಂದು ಲೋಟ ನೀರು ಹಿಡಿದು ತಂದು ಆರೋಗ್ಯಮ್ಮನ ಕೈಗೆ ಕೊಟ್ಟೆ. ಅವಳು ಲೋಟದೊಳಗೆ ತುಂಬ ಹೊತ್ತು ನೋಡಿದಳು. ಶಿಲುಬೆಯ ಗುರುತು ಹಾಕಿಕೊಂಡಳು. ಸದ್ದಾಗದ ಹಾಗೆ, ನಿಧಾನವಾಗಿ, ಪೂರ್ತಿ ಕುಡಿದಳು.

ಲೋಟ ತೊಳೆದು ಬೋರಲು ಹಾಕಿದೆ. ಆ ದಿನದ ಡ್ಯೂಟಿ ಮುಗಿಯಿತು.